ಪದಚರ್ಚೆ: ಕಾರ್ಖಾನೆಯ ಪರದೆಯ ಮೇಲೆ ಬ್ಯಾಚ್‌ಗೆ ‘ಒಬ್ಬೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಮಸಾಲೆ ಪುಡಿ ಮಾಡುವ ಒಂದು ಕಾರ್ಖಾನೆಗಾಗಿ ಎಂಇಎಸ್ ಸಾಫ್ಟ್‌ವೇರಿನ ಪರದೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎಂಇಎಸ್ ಅಂದರೆ ಮ್ಯಾನುಫ್ಯಾಕ್ಚರಿಂಗ್ ಎಕ್ಸಿಕ್ಯೂಷನ್ ಸಿಸ್ಟಮ್. ಇಷ್ಟು ಸಾಂಬಾರ್ ಪುಡಿ ಬೇಕು ಅಂತ ಆಫೀಸಿನ ಇಆರ್‌ಪಿಯಿಂದ (ಆರ್ಡರ್, ಸ್ಟಾಕ್, ಲೆಕ್ಕಪತ್ರ ನೋಡಿಕೊಳ್ಳುವ ಸಾಫ್ಟ್‌ವೇರಿನಿಂದ) ಆರ್ಡರ್ ಬಂದರೆ, ತೂಕದಿಂದ ಪ್ಯಾಕಿಂಗ್‌ವರೆಗೆ ಹಂತ ಹಂತವಾಗಿ ಕೆಲಸ ಮಾಡಿಸಿ, ಯಾವ ಚೀಲದಿಂದ ಏನು ಎಷ್ಟು ಹೋಯಿತು ಅಂತ ಬರೆದಿಡುವುದು ಇದರ ಕೆಲಸ. ಆ ಹೆಸರು ಹಾಗೇ ಇರಲಿ, ಅದಕ್ಕೆ ಕನ್ನಡ ಹುಡುಕುತ್ತಿಲ್ಲ. ನನಗೆ ತೊಡಕಾಗಿರುವುದು ಬ್ಯಾಚ್ ಮತ್ತು ಲಾಟ್ ಅನ್ನುವ ಎರಡು ಪದ.

ಸಾಫ್ಟ್‌ವೇರಿನಲ್ಲಿ ಇವು ಬೇರೆ ಬೇರೆ. ಮಿಕ್ಸರಿಗೆ ಒಂದು ಸಲ ತುಂಬಿ, ತಿರುಗಿಸಿ, ಇಳಿಸಿದ್ದು ಒಂದು ಬ್ಯಾಚ್. ಒಂದೇ ಸರಕು ಅಂತ ಲೆಕ್ಕಕ್ಕೆ ಹಿಡಿದು ಒಂದೇ ನಂಬರ್ ಕೊಟ್ಟಿದ್ದು ಲಾಟ್. ಒಂದು ಲಾಟ್ ಬ್ಯಾಡಗಿ ಮೆಣಸಿನಕಾಯಿ ಹತ್ತು ಬ್ಯಾಚಿಗೆ ಹೋಗಬಹುದು. ಆ ಹತ್ತು ಬ್ಯಾಚಿನ ಪುಡಿ ಒಂದೇ ನಂಬರಿನ ಪೊಟ್ಟಣಗಳಾಗಿ ಹೊರಗೆ ಬರಬಹುದು. ಆದರೆ ಕೆಲಸದವರ ಬಾಯಲ್ಲಿ ಎಲ್ಲವೂ ‘ಬ್ಯಾಚ್’. ಅವರದೇನು ತಪ್ಪಿಲ್ಲ, ಆಹಾರದ ಪೊಟ್ಟಣಗಳಿಗಿರುವ ನಮ್ಮ ದೇಶದ 2020ರ ಲೇಬಲ್ ನಿಯಮವೂ ಬ್ಯಾಚ್, ಲಾಟ್, ಕೋಡ್ ಮೂರನ್ನೂ ಒಟ್ಟಿಗೇ ಹೇಳುತ್ತದೆ. ಪೊಟ್ಟಣದ ಮೇಲೆ ಯಾವುದಿದ್ದರೂ ನಡೆಯುತ್ತದೆ. ಕಾರ್ಖಾನೆ ಒಳಗೆ ಮಾತ್ರ ನಡೆಯುವುದಿಲ್ಲ. ಲ್ಯಾಬಿನವರು ‘ಆ ಬ್ಯಾಚ್ ನಿಲ್ಲಿಸಿ’ ಅಂತ ಫೋನ್ ಮಾಡಿದರೆ ನಿಲ್ಲಿಸಬೇಕಾದ್ದು ಮೆಣಸಿನಕಾಯಿ ಚೀಲಗಳನ್ನೋ, ಮಿಕ್ಸರಿನಲ್ಲಿ ಈಗ ತಿರುಗುತ್ತಿರುವುದನ್ನೋ, ಗೋಡೌನಿನಲ್ಲಿರುವ ಪೆಟ್ಟಿಗೆಗಳನ್ನೋ?

ಇದು ಸಣ್ಣ ವಿಷಯ ಅಂತ ಯಾರಿಗಾದರೂ ಅನ್ನಿಸಿದರೆ ಬ್ರಿಟನ್ನಿನಲ್ಲಿ 2005ರ ಫೆಬ್ರವರಿಯಲ್ಲಿ ಆಗಿದ್ದನ್ನು ನೋಡಿ. ತಿನಿಸಿಗೆ ಹಾಕಲೇಬಾರದ ಸೂಡಾನ್-1 ಅನ್ನುವ ಬಣ್ಣ ಬೆರೆತ ಮೆಣಸಿನ ಪುಡಿ ವೂಸ್ಟರ್ ಸಾಸಿಗೆ ಹೋಗಿತ್ತು, ಆ ಸಾಸ್ ಇನ್ನೆಷ್ಟೋ ತಿನಿಸುಗಳಿಗೆ ಹೋಗಿತ್ತು. ಕೊನೆಗೆ 400ಕ್ಕೂ ಹೆಚ್ಚು ಬಗೆಯ ತಿನಿಸುಗಳನ್ನು ಅಂಗಡಿಗಳಿಂದ ವಾಪಸ್ ತರಿಸಬೇಕಾಯಿತು. ಯಾವ ಪುಡಿ ಎಲ್ಲೆಲ್ಲಿ ಹೋಯಿತು ಅನ್ನುವ ಜಾಡು ಸಿಗಬೇಕಾದರೆ ತೂಕ ಹಾಕುವವರು ಸರಿಯಾದ ನಂಬರನ್ನು ಸರಿಯಾದ ಜಾಗದಲ್ಲಿ ದಾಖಲಿಸಿರಬೇಕು.

ಲಾಟ್ ಅನ್ನು ಹಾಗೇ ಬಿಡೋಣ ಅಂತ ನನ್ನ ಅಭಿಪ್ರಾಯ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲಗಳನ್ನು ಲಾಟ್ ಮಾಡಿಯೇ ಟೆಂಡರ್ ಕರೆಯುತ್ತಾರೆ. ರೈತರಿಗೂ ದಲಾಲರಿಗೂ ಅದು ದಿನದ ಮಾತು, ಅಂದಮೇಲೆ ಕನ್ನಡವೇ ಅಲ್ವಾ. ಹೊಸ ಪದ ಬೇಕಿರುವುದು ಬ್ಯಾಚಿಗೆ. ‘ತಂಡ’ ಅಂದರೆ ಜನ ನೆನಪಾಗುತ್ತಾರೆ. ‘ಕಂತು’ ಅಂದರೆ ಸಾಲ ನೆನಪಾಗುತ್ತದೆ. ನನಗೆ ಸರಿ ಅನ್ನಿಸಿದ್ದು ‘ಒಬ್ಬೆ’. ಮೊದಲನೇ ಒಬ್ಬೆ ಇಡ್ಲಿ ಇಳಿಸಿದೆ, ಇನ್ನೊಂದು ಒಬ್ಬೆ ಚಕ್ಕುಲಿ ಕರಿದರೆ ಮುಗೀತು ಅಂತ ನಮ್ಮ ಮನೆಯಲ್ಲಿ ಹೇಳುತ್ತೇವೆ. ಒಂದು ಸಲಕ್ಕೆ ಹಾಕಿ ತೆಗೆದಷ್ಟು, ಅದೇ ತಾನೆ ಬ್ಯಾಚ್! ಮೂರನೇ ಒಬ್ಬೆ, ಅರ್ಧ ಒಬ್ಬೆ, ಒಬ್ಬೆ ಸಂಖ್ಯೆ, ಎಲ್ಲವೂ ಸಲೀಸಾಗಿ ಬರುತ್ತವೆ. ತಮಿಳಿನವರು ಒಂದು ‘ಈಡು’ ಇಡ್ಲಿ ಅನ್ನುತ್ತಾರೆ, ಕರಿಯುವ ತಿಂಡಿಗೆ ಮರಾಠಿಯವರ ಹತ್ತಿರ ‘ಘಾಣಾ’ ಇದೆ. ಅಡುಗೆಮನೆಯ ಪದ ಅಂತ ಹಿಂದೇಟು ಹಾಕುವುದು ಬೇಡ, ಇದು ದೊಡ್ಡ ಅಡುಗೆಮನೆಯೇ.

ಎರಡು ಅನುಮಾನ ಉಳಿದಿವೆ. ಒಬ್ಬೆ ಅಂದರೆ ಒಲೆ, ಬಿಸಿ, ಆವಿ ಇರಲೇಬೇಕಾ? ಕೊತ್ತಂಬರಿ ಹುರಿಯುವಾಗ ಸರಿ, ಆದರೆ ತಣ್ಣಗಿನ ಪುಡಿಗಳನ್ನು ಸುಮ್ನೆ ಬೆರೆಸುವುದಕ್ಕೂ ಒಬ್ಬೆ ಅಂದರೆ ಕಿವಿಗೆ ಹೇಗಿರುತ್ತದೆ? ಇನ್ನೊಂದು, ಡೈರಿಯಂಥ ಕಡೆ ಹಾಲು ನಿಲ್ಲದೆ ಹರಿಯುತ್ತಾ 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾದು ಮುಂದೆ ಹೋಗುತ್ತದೆ. ಅಲ್ಲಿ ಒಬ್ಬೆಯೇ ಇಲ್ಲ, ಹೊತ್ತು ನೋಡಿಯೋ ಟ್ಯಾಂಕ್ ನೋಡಿಯೋ ಲಾಟ್ ಕತ್ತರಿಸುತ್ತಾರೆ. ಈ ವ್ಯತ್ಯಾಸ ಉಳಿದರೆ ನನಗೆ ಒಳ್ಳೆಯದೇ ಅನ್ನಿಸುತ್ತದೆ.

ಈಗಿರುವ ಕನ್ನಡ ಪರದೆ ಹೇಗಿದೆ ಅಂತ ಒಂದು ಉದಾಹರಣೆ. ಕೆಲಸದವರು ಚೀಲದ ಬಾರ್‌ಕೋಡ್ ಸ್ಕ್ಯಾನ್ ಮಾಡುತ್ತಾರೆ, ಪುಡಿ ಸುರಿಯುತ್ತಾರೆ, ತೂಕ ಮಿತಿಯೊಳಗೆ ಬಂದಾಗ ಪಟ್ಟಿ ಹಸಿರಾಗುತ್ತದೆ. ಆಗ ಒತ್ತಬೇಕಾದ ಗುಂಡಿಯ ಮೇಲೆ ‘ಲಾಟ್ ಸೇವಿಸಿ’ ಅಂತ ಇದೆ. ಇಂಗ್ಲಿಷಿನ ‘ಕನ್‌ಸ್ಯೂಮ್’ ಅನ್ನುವುದನ್ನು ಯಾರೋ ಹಾಗೆ ತಂದಿದ್ದಾರೆ. ಅಲ್ಲಿ ಯಾರೂ ಏನನ್ನೂ ಸೇವಿಸುವುದಿಲ್ಲ, ಆ ಸಾಮಾನು ಸ್ಟಾಕಿನಿಂದ ಕಳೆದು ಈ ಬ್ಯಾಚಿನ ಲೆಕ್ಕಕ್ಕೆ ಸೇರುತ್ತದೆ ಅಷ್ಟೆ. ನಾನು ‘ಒಬ್ಬೆಗೆ ಹಾಕಿ’ ಅಂತ ಬರೆದಿದ್ದೇನೆ. ಹಾಗೇ ‘ವಂಶಾವಳಿ’ ಅಂತ ಇದ್ದದ್ದನ್ನು ‘ಜಾಡು’ ಮಾಡಿದ್ದೇನೆ. ಪೊಟ್ಟಣದಿಂದ ಚೀಲಕ್ಕೆ ಹೋದರೆ ಹಿಂದಿನ ಜಾಡು, ಚೀಲದಿಂದ ಪೊಟ್ಟಣಕ್ಕೆ ಬಂದರೆ ಮುಂದಿನ ಜಾಡು.

ದಯವಿಟ್ಟು ನಿಮ್ಮ ಊರಿನ ಹೆಸರು ಹಾಕಿ ಉತ್ತರಿಸಿ. ಒಬ್ಬೆ ನಿಮ್ಮ ಕಡೆ ಬಳಕೆಯಲ್ಲಿದೆಯಾ, ಯಾವ ಯಾವ ತಿಂಡಿಗೆ? ಧಾರವಾಡ, ಬೆಳಗಾವಿ, ಕಲಬುರಗಿಯವರು ಇದಕ್ಕೆ ಏನಂತೀರಿ? ಈ ಕಾರ್ಖಾನೆಯಲ್ಲಿ ಆ ಕಡೆಯ ಹುಡುಗರು ಜಾಸ್ತಿ, ತೂಕದ ಮೇಜಿನ ಹತ್ತಿರ ನಿಲ್ಲುವವರು ಅವರೇ.