ನೀರು ಕುಡಿಯದ ಮಸೆಗಲ್ಲು: ‘ನೆನೆಸು’ ಎನ್ನಬಹುದೇ?

ಆತ್ಮೀಯರೇ,

ಕ್ಷೌರದ ಕತ್ತಿಯನ್ನು ಸೆರಾಮಿಕ್ ಕಲ್ಲಿನ ಮೇಲೆ ಮಸೆಯುವ ಕ್ರಮವನ್ನು ಕನ್ನಡದಲ್ಲಿ ಬರೆಯುತ್ತಿದ್ದು, ಒಂದು ಕ್ರಿಯಾಪದದ ಬಳಿ ತಡೆದು ನಿಂತಿದ್ದೇನೆ.

ಮೊದಲ ಕರಡಿನಲ್ಲಿ ‘ಕಲ್ಲನ್ನು ನೀರಿನಲ್ಲಿ ನೆನೆಸಿ’ ಎಂದು ಬರೆದಿದ್ದೆ. ಜಪಾನಿನ ಕಿಂಗ್ 1000ದಂತಹ ಕಲ್ಲಿಗೆ ಈ ಮಾತು ಒಪ್ಪುತ್ತದೆ. ಅದರ ಮೈಯೆಲ್ಲ ಸಣ್ಣ ರಂಧ್ರಗಳಿರುವುದರಿಂದ ಮುಳುಗಿಸಿದೊಡನೆ ಗುಳ್ಳೆ ಬಿಡುತ್ತ ನೀರು ಕುಡಿಯುತ್ತದೆ. ಆದರೆ ಅಲ್ಯುಮಿನಾ ಪುಡಿಯನ್ನು ಒತ್ತಿ, ತೀವ್ರ ಶಾಖದಲ್ಲಿ ಸುಟ್ಟು ಗಟ್ಟಿಗೊಳಿಸಿದ ಸ್ಪೈಡರ್ಕೋ ಕಂಪನಿಯಂತಹ ಸೆರಾಮಿಕ್ ಕಲ್ಲನ್ನು ರಾತ್ರಿಯಿಡೀ ಮುಳುಗಿಸಿಟ್ಟರೂ ಅದು ನೀರು ಹೀರುವುದಿಲ್ಲ. ಮಳೆಯಲ್ಲಿ ನೆನೆಯುವುದೂ ಉಂಟಾದರೂ, ‘ನೆನೆಸು’ ಎಂದಾಗ ನಮ್ಮ ಮನಸ್ಸಿಗೆ ಬರುವುದು ಅಕ್ಕಿ, ಕಡಲೆ. ಓದುಗರು ಕಲ್ಲನ್ನು ಬಕೆಟ್ಟಿನಲ್ಲಿ ಹಾಕಿ ಸುಮ್ಮನೆ ಕಾಯುತ್ತಾರೆ. ಶಾಪ್ಟನ್ ಕಂಪನಿಯ ಕಲ್ಲುಗಳಿಗೂ ಸೆರಾಮಿಕ್ ಎಂಬ ಹೆಸರಿದ್ದು, ಅವುಗಳಿಗೆ ‘ಚಿಮುಕಿಸು’ ಸಾಕು.

ಸುಟ್ಟು ಗಟ್ಟಿಗೊಳಿಸಿದ ಕಲ್ಲು ಒಣಗಿದ್ದರೂ ಉಕ್ಕನ್ನು ಸವೆಸುತ್ತದೆ. ನೀರಿನ ಕೆಲಸ ಬೇರೆ. ಕತ್ತಿಯ ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗುವಂತೆ ಮಲಗಿಸಿ, ಬಾಯಿ ಮುಂದಾಗಿ ಹತ್ತು ಸಲ ಒಣಗಲ್ಲಿನ ಮೇಲೆ ಎಳೆದರೆ ಬಿಳಿ ಮೈಮೇಲೆ ಸೀಸದ ಕಡ್ಡಿಯಿಂದ ಗೀಚಿದಂತಹ ಬೂದು ಗೆರೆಗಳು ಮೂಡುತ್ತವೆ. ಅದು ಕತ್ತಿಯಿಂದ ಸವೆದ ಉಕ್ಕು; ಅದು ಕಲ್ಲಿಗೆ ಮೆತ್ತಿಕೊಳ್ಳುತ್ತ ಹೋದಂತೆ ಕತ್ತಿ ಕಚ್ಚದೆ ಜಾರತೊಡಗುತ್ತದೆ. ಪಾತ್ರೆ ತೊಳೆಯುವ ಸೋಪಿನ ಒಂದು ತೊಟ್ಟು ಬೆರೆಸಿದ ನೀರು ತೆಳುವಾಗಿ ಹರಡಿದ್ದರೆ ಆ ಪುಡಿ ನೀರಿನಲ್ಲೇ ತೇಲಿ, ಬಟ್ಟೆಯಿಂದ ಒರೆಸಿದಾಗ ಬಂದುಬಿಡುತ್ತದೆ. ಆದ್ದರಿಂದ ‘ನೀರು ಸವರಿ’ ಎಂಬುದೇ ನನಗೆ ಸರಿಯೆನಿಸುತ್ತದೆ.

ಗೊಂದಲಕ್ಕೆ ಇನ್ನೊಂದು ಕಾರಣ ನಮ್ಮ ಲಿಪಿಯಲ್ಲೇ ಇದೆ. ‘ವೆಟ್‌ಸ್ಟೋನ್’ ಎಂದು ಬರೆದಾಗ ಒದ್ದೆ ಎಂಬರ್ಥದ ‘ವೆಟ್’ ಯಾವುದು, ಹರಿತಗೊಳಿಸು ಎಂಬರ್ಥದ ‘ವೆಟ್’ ಯಾವುದು ಎಂದು ಕನ್ನಡದಲ್ಲಿ ತಿಳಿಯುವುದಿಲ್ಲ. ಇಲ್ಲಿರುವುದು ಎರಡನೆಯದು, ಹಾಗಾಗಿ ‘ನೀರುಗಲ್ಲು’ ಎಂಬ ಅನುವಾದ ತಪ್ಪು, ‘ಮಸೆಗಲ್ಲು’ ನೇರವಾದ ಪದ. ‘ಸಾಣೆಕಲ್ಲು’ ಎನ್ನಲು ನಾನು ಹಿಂಜರಿಯುತ್ತೇನೆ, ಏಕೆಂದರೆ ಹಲವರಿಗೆ ಅದು ಗಂಧ ತೇಯುವ ಕಲ್ಲು, ಮತ್ತೆ ಹಲವರಿಗೆ ‘ಸಾಣೆ ಹಿಡಿ’ ಎಂದರೆ ಕಿಡಿ ಹಾರಿಸುವ ತಿರುಗುಚಕ್ರ. ಆ ಚಕ್ರದ ಬಿಸಿಗೆ ಕ್ಷೌರದ ಕತ್ತಿಯ ತೆಳು ಬಾಯಿ ಹದ ಕಳೆದುಕೊಳ್ಳುತ್ತದೆ.

ಆದರೂ ಗಂಧದ ಕಲ್ಲಿನಿಂದ ಒಂದು ಪದವನ್ನು ಎರವಲು ಪಡೆಯಬಹುದೆನಿಸುತ್ತದೆ. ಮೆದು ಮಸೆಗಲ್ಲುಗಳಲ್ಲಿ ಕಲ್ಲೇ ತೇದು ನೀರಿನೊಡನೆ ಬೆರೆತು, ಬೆರಳಿಗೆ ನುಣ್ಣಗೆ ಹತ್ತುವ ಲೇಪವಾಗುತ್ತದೆ. ಅದನ್ನು ‘ಕಲ್ಲುಗಂಧ’ ಎನ್ನೋಣವೇ? ಸುಟ್ಟು ಗಟ್ಟಿಗೊಳಿಸಿದ ಸೆರಾಮಿಕ್ ಕಲ್ಲು ಹಾಗೆ ತೇಯುವುದಿಲ್ಲ, ಅಲ್ಲಿ ಉಳಿಯುವುದು ಕಪ್ಪು ನೀರು ಮಾತ್ರ. ಅದಕ್ಕೆ ‘ಬಗ್ಗಡ’ ಸಾಕು.

ಕ್ಷೌರದ ಕತ್ತಿಯನ್ನು ಕೈಯಲ್ಲೇ ಮಸೆಯುತ್ತಿದ್ದ ಮನೆತನದವರು ಇಲ್ಲಿ ಇದ್ದರೆ ದಯವಿಟ್ಟು ತಿಳಿಸಿ: ಕಲ್ಲಿಗೆ ನೀರು ‘ಸವರುವುದು’ ಎನ್ನುತ್ತಿದ್ದರೇ, ‘ಹನಿಸುವುದು’ ಎನ್ನುತ್ತಿದ್ದರೇ, ಅಥವಾ ಅದಕ್ಕೆ ಬೇರೆಯೇ ಮಾತಿತ್ತೇ? ಮಸೆದ ಮೇಲೆ ಚರ್ಮದ ಪಟ್ಟಿಯ ಮೇಲೆ ಕತ್ತಿಯನ್ನು ಬೆನ್ನು ಮುಂದಾಗಿ ಎಳೆಯುವುದಕ್ಕೆ ‘ತೀಡು’ ಎಂದು ಬರೆದಿದ್ದೇನೆ. ಅದನ್ನೂ ಪರಿಶೀಲಿಸಬೇಕೆಂದು ಕೋರುತ್ತೇನೆ.