ಮದುವೆ ಕಾರ್ಡಿಗೆ ಬಳುಕುವ ಕೈಬರಹದ ಫಾಂಟ್: ಎಲ್ಲಿ ಹಾಕಬೇಕು, ಎಲ್ಲಿ ಬೇಡ?

ಪ್ರಶ್ನೆ: ನಮಸ್ಕಾರ ಸರ್. ತಮ್ಮನ ಮದುವೆ ಕಾರ್ಡ್ ನಾನೇ ಡಿಸೈನ್ ಮಾಡುತ್ತಿದ್ದೇನೆ. ಗ್ರೇಟ್ ವೈಬ್ಸ್ ಫಾಂಟ್ ತುಂಬಾ ಇಷ್ಟವಾಗಿ ಇಂಗ್ಲಿಷ್ ಭಾಗ ಪೂರ್ತಿ ಅದರಲ್ಲೇ ಹಾಕಿದೆ. ಹೆಸರುಗಳು ಎಲ್ಲ ಕ್ಯಾಪಿಟಲ್. ಮರೂನ್ ಕಾರ್ಡಿನ ಮೇಲೆ ಚಿನ್ನದ ಬಣ್ಣ, ಸ್ಕ್ರೀನ್ ಪ್ರಿಂಟ್. ಮನೆಯಲ್ಲಿ ಯಾರಿಗೂ ಓದಲು ಆಗುತ್ತಿಲ್ಲ. ಫಾಂಟ್ ಬದಲಿಸಲಾ?

ಉತ್ತರ: ಬೇಡ ಮೇಡಂ, ಫಾಂಟ್ ಚೆನ್ನಾಗಿದೆ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ಪ್ರೆಸ್ ಕೆಲಸಕ್ಕೂ ಬಳಸಬಹುದು. ಆದರೆ ಅದು ಜೋಡಿಯ ಹೆಸರಿಗೆ ಮಾತ್ರ ಇರಲಿ. ಮುಹೂರ್ತ, ಛತ್ರದ ವಿಳಾಸ, ಫೋನ್ ನಂಬರ್ ಸಾದಾ ಫಾಂಟಿನಲ್ಲಿ ಬರಲಿ. ವಿಳಾಸ ನೋಡಿ ಆಟೋದವರಿಗೆ ಹೇಳಬೇಕಲ್ವಾ?

ಮೊದಲು ಆ ಕ್ಯಾಪಿಟಲ್ ತೆಗೆಯಿರಿ. ಈ ಫಾಂಟಿನ ದೊಡ್ಡಕ್ಷರಗಳು ಹೆಸರಿನ ಶುರುವಿಗೆಂದು ಬಿಡಿಸಿದವು. ಎಸ್ ಅಕ್ಷರದ ಸುರುಳಿ ನೋಡಿ, ಎಡಕ್ಕೆ ಎಷ್ಟು ಚಾಚಿದೆ! ಸಾಲಾಗಿ ಕೂರಿಸಿದರೆ ಒಂದರ ಬಾಲ ಇನ್ನೊಂದರ ಹೊಟ್ಟೆಗೆ ಹೋಗುತ್ತದೆ. ಮೊದಲ ಅಕ್ಷರ ದೊಡ್ಡದು, ಉಳಿದದ್ದು ಚಿಕ್ಕದು, ಅಷ್ಟೇ. ಅಕ್ಷರಗಳ ನಡುವಿನ ಜಾಗವನ್ನೂ ಹೆಚ್ಚಿಸಬೇಡಿ, ಅಕ್ಷರಗಳನ್ನು ಜೋಡಿಸುವ ಕೊಂಡಿಗಳು ಬಿಟ್ಟುಕೊಳ್ಳುತ್ತವೆ.

ಇನ್ನು ಪ್ರಿಂಟ್ ವಿಷಯ. ಇಂಥ ಬರಹದ ಮೂಲ ಚೂಪು ನಿಬ್ಬಿನ ಪೆನ್ನು. ಕೆಳಗೆ ಎಳೆಯುವಾಗ ಒತ್ತಿದರೆ ನಿಬ್ಬು ಅಗಲಿಸಿ ಗೆರೆ ದಪ್ಪ ಬರುತ್ತದೆ. ಮೇಲಕ್ಕೆ ಹೋಗುವಾಗ ಕೂದಲೆಳೆ. ಅಂದವೆಲ್ಲ ಆ ದಪ್ಪ ಸಣ್ಣದರಲ್ಲೇ ಇದೆ. ಸ್ಕ್ರೀನ್ ಪ್ರಿಂಟಿನಲ್ಲಿ ಮೊದಲು ಕಳೆದುಹೋಗುವುದೂ ಆ ಕೂದಲೆಳೆಯೇ. ಹೆಸರು 36 ಪಾಯಿಂಟಿಗಿಂತ ಕಡಿಮೆ ಬೇಡ. ಮರೂನ್ ಕಾರ್ಡಿನ ಮೇಲೇ ಒಂದು ಸ್ಯಾಂಪಲ್ ತೆಗೆಸಿ ನೋಡಿ. ಕಂಪ್ಯೂಟರ್ ಪರದೆ ಮೇಲೆ ಕಂಡದ್ದನ್ನು ನಂಬಬೇಡಿ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಕನ್ನಡ ಪುಟಕ್ಕೂ ಇಂಥದ್ದೇ ಸಿಗುತ್ತಾ?

ಉತ್ತರ: ನವಿಲು ಫಾಂಟ್ ನೋಡಿ. ಯುನಿಕೋಡ್, ಉಚಿತ, ಕೈಬರಹದ ಹಾಗೇ ಇದೆ. ಆದರೆ ಇಂಗ್ಲಿಷಿನ ಹಾಗೆ ಅಕ್ಷರಕ್ಕೆ ಅಕ್ಷರ ಕೊಂಡಿ ಹಾಕಿ ಓಡುವುದನ್ನು ಕನ್ನಡದಲ್ಲಿ ಹುಡುಕಬೇಡಿ. ನಮ್ಮ ಅಕ್ಷರ ಬಿಡಿಬಿಡಿ, ಒತ್ತುಗಳು ಕೆಳಗಿಳಿಯುತ್ತವೆ. ಯಾವ ಫಾಂಟ್ ಆದರೂ ಮೊದಲು ‘ಲಕ್ಷ್ಮೀ’, ‘ಜ್ಯೋತ್ಸ್ನಾ’ ಟೈಪ್ ಮಾಡಿ ನೋಡುವುದು ನನ್ನ ಅಭ್ಯಾಸ. ಎರಡೆರಡು ಒತ್ತು ಕೂರುವ ಜಾಗದಲ್ಲೇ ಫಾಂಟಿನ ಗುಣ ಗೊತ್ತಾಗುತ್ತದೆ. ಸಾಲಿನ ಅಂತರ ಧಾರಾಳವಾಗಿರಲಿ. ‘ಚಿ. ರಾ.’, ‘ಚಿ. ಸೌ.’ ಮುಂದಿನ ಹೆಸರಿಗೆ ನವಿಲು ಚೆನ್ನಾಗಿರುತ್ತದೆ. ‘ಸುಖಾಗಮನ ಬಯಸುವವರು’ ಪಟ್ಟಿ ಸಾದಾ ಅಕ್ಷರದಲ್ಲೇ ಇರಲಿ. ಅಲ್ಲಿ ಒಬ್ಬರ ಹೆಸರು ತಪ್ಪಾಗಿ ಕಂಡರೂ ಮನೆಯವರಿಗೆ ಬೇಜಾರು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಸರ್, ಬೇಕರಿ ಬೋರ್ಡಿಗೆ ಗ್ರೇಟ್ ವೈಬ್ಸ್ ಅನ್ನೇ ಅಕ್ರಿಲಿಕ್‌ನಲ್ಲಿ ಕಟ್ ಮಾಡಿಸಬಹುದಾ?

ಉತ್ತರ: ಇದು ಬೇಡ, ಸಣ್ಣ ಗೆರೆಗಳು ಮುರಿಯುತ್ತವೆ. ಕುಂಚದಲ್ಲಿ ಬರೆದಂಥದ್ದು ತೆಗೆದುಕೊಳ್ಳಿ. ಬ್ರಷ್ ಸ್ಕ್ರಿಪ್ಟ್ ನೋಡಿರುತ್ತೀರಿ, 1942ರಲ್ಲಿ ಅಮೆರಿಕದಲ್ಲಿ ಬಂದದ್ದು. ಗೆರೆ ದಪ್ಪ, ರಸ್ತೆಯ ಆಚೆಯಿಂದಲೂ ಓದಬಹುದು. ಕಟಿಂಗಿಗೆ ಕೊಡುವ ಮುಂಚೆ ಕೋರಲ್‌ಡ್ರಾ ಡಿಸೈನ್ ಸಾಫ್ಟ್‌ವೇರಿನಲ್ಲಿ ಕರ್ವ್ಸ್ ಮಾಡಿ (ಅಂದರೆ ಅಕ್ಷರಗಳನ್ನು ಗೆರೆಯ ಆಕಾರಗಳಾಗಿ ಬದಲಿಸಿ), ಆಮೇಲೆ ವೆಲ್ಡ್ ಮಾಡಿ (ಆ ಆಕಾರಗಳನ್ನು ಒಂದಾಗಿ ಬೆಸೆಯಿರಿ). ಈ ಫಾಂಟ್‌ಗಳಲ್ಲಿ ಅಕ್ಷರಗಳು ಒಂದರ ಮೇಲೊಂದು ಸ್ವಲ್ಪ ಹತ್ತಿರುತ್ತವೆ. ವೆಲ್ಡ್ ಮಾಡದಿದ್ದರೆ ಮಷಿನ್ ಪ್ರತಿ ಕೊಂಡಿಯನ್ನೂ ಕತ್ತರಿಸಿ ಅಕ್ಷರಗಳನ್ನು ಬೇರೆಬೇರೆ ಮಾಡಿಬಿಡುತ್ತದೆ. ಲೈಸೆನ್ಸ್ ಕೂಡ ಓದಿಕೊಳ್ಳಿ. ‘ಸ್ವಂತ ಬಳಕೆಗೆ ಮಾತ್ರ’ ಅಂತ ಇದ್ದರೆ ಅಂಗಡಿ ಬೋರ್ಡಿಗೆ ಹಾಕುವಂತಿಲ್ಲ.