'ಫೈನ್' ಅಂದ್ರೆ ಯಾವ ಫೈನ್? ಗೊತ್ತಿದ್ದವರು ಅನುಭವ ಹೇಳಿ

ಪದವಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದೇನೆ. ಮ್ಯಾನೇಜರ್ 'ದಟ್ಸ್ ಫೈನ್' ಅಂದರೆ ಮೆಚ್ಚಿದರೋ, ಸಾಕು ಬಿಡು ಅಂದರೋ ತಿಳಿಯುವುದಿಲ್ಲ. ನೀವೆಲ್ಲ ಹೇಗೆ ಕಲಿತಿರಿ?

—

ನಾನು ಕಲಿತದ್ದು ಊಟ ಬಡಿಸುವಾಗ. ಲಂಡನ್ನಿಗೆ ಹೋದ ಹೊಸತರಲ್ಲಿ ಆಫೀಸಿನವರೊಬ್ಬರನ್ನು ಮನೆಗೆ ಕರೆದಿದ್ದೆವು. ಇನ್ನೊಂದು ಸೌಟು ಬಿಸಿಬೇಳೆಬಾತ್ ಹಾಕಲಾ ಅಂದೆ. 'ಐಯಾಮ್ ಫೈನ್' ಅಂದರು. ಖುಷಿಯಾಗಿದ್ದಾರೆ ಅಂದುಕೊಂಡು ಬಡಿಸಿಯೇಬಿಟ್ಟೆ. ಪಾಪ, ಬಹಳ ಕಷ್ಟಪಟ್ಟು ತಿಂದರು. ಏನಾದರೂ ಬೇಕಾ ಅಂತ ಕೇಳಿದಾಗ ಬರುವ ಆ ಮಾತಿಗೆ 'ಸಾಕು, ಬೇಡ' ಎಂದೇ ಅರ್ಥ.

ನಿಮ್ಮ ಮ್ಯಾನೇಜರ್ ಮಾತಿಗೆ ಬರೋಣ. 'ದಟ್ಸ್ ಫೈನ್' ಅಂದರೆ 'ಆಯ್ತು, ನಡೆಯುತ್ತೆ' ಅಷ್ಟೇ. ಹೊಗಳಿಕೆಯೂ ಅಲ್ಲ, ಬೈಗುಳವೂ ಅಲ್ಲ. ಅದೇ 'ಎ ಫೈನ್ ಜಾಬ್', 'ಎ ಫೈನ್ ಪ್ಲೇಯರ್' ಅಂತ ಇನ್ನೊಂದು ಪದಕ್ಕೆ ಅಂಟಿಕೊಂಡು ಬಂದರೆ ಅದು ಮೆಚ್ಚುಗೆ. ಬರೀ 'ಫೈನ್!' ಅಂತ ಕಡ್ಡಿ ಮುರಿದಂತೆ ಅಂದರೆ ಮಾತ್ರ ಹುಷಾರು; 'ಏನಾದ್ರೂ ಮಾಡ್ಕೋ' ಅನ್ನುವ ಸಿಟ್ಟು ಅದು. ಇನ್ನೊಂದು: ಆರೋಗ್ಯ ಕೇಳಿದವರಿಗೆ ನಾವು 'ಐಯಾಮ್ ವೆರಿ ಫೈನ್' ಅನ್ನುತ್ತೇವಲ್ಲ, ಅಲ್ಲಿಯವರು ಆ 'ವೆರಿ' ಸೇರಿಸುವುದಿಲ್ಲ.

—

ನಮ್ಮದು ಚಿನ್ನದ ಕೆಲಸ. ನಮಗೆ ಫೈನ್ ಅಂದರೆ ಅಪ್ಪಟ. 22 ಕ್ಯಾರೆಟ್ ಒಡವೆಯ ಮೇಲಿನ 916 ಗುರುತು ನೋಡಿ: ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ. ಅದನ್ನೇ ಫೈನ್‌ನೆಸ್ ಅನ್ನುವುದು.

—

ಇಂಗ್ಲಿಷ್ ಪಾಠ ಮಾಡುವವಳು ನಾನು. ಇದರ ಮೂಲ ಲ್ಯಾಟಿನ್ನಿನ 'ಫೀನಿಸ್', ಅಂದರೆ ಕೊನೆ. ಕೊನೆ ಮುಟ್ಟಿಸಿದ್ದು, ಪರಿಪೂರ್ಣವಾದದ್ದು ಎಂಬಲ್ಲಿಂದ ಒಳ್ಳೆಯದು, ಶುದ್ಧವಾದದ್ದು, ನಯವಾದದ್ದು ಎಲ್ಲ ಹುಟ್ಟಿಕೊಂಡವು. ದುಡ್ಡು ಕಟ್ಟಿಸಿಕೊಂಡು ವ್ಯಾಜ್ಯ ಮುಗಿಸುತ್ತಿದ್ದುದರಿಂದ ದಂಡಕ್ಕೂ ಅದೇ ಹೆಸರು. ಮಕ್ಕಳಿಗೆ ನಾನು ಅರ್ಥಗಳ ಪಟ್ಟಿ ಬಾಯಿಪಾಠ ಮಾಡಿಸುವುದಿಲ್ಲ, ಜೋಡಿಗಳನ್ನು ಕೊಡುತ್ತೇನೆ. ಫೈನ್ ಆರ್ಟ್ಸ್ ಲಲಿತಕಲೆ. ಫೈನ್ ಪೌಡರ್ ನುಣ್ಣನೆಯ ಪುಡಿ. ಫೈನ್ ರವೆ ನಮ್ಮ ಚಿರೋಟಿ ರವೆ. ಫೈನ್ ಪ್ರಿಂಟ್ ಅಂದರೆ ಸಾಲದ ಕಾಗದದಲ್ಲಿ ಸಣ್ಣಕ್ಷರದಲ್ಲಿ ಇರುವ ಷರತ್ತು, ಅದನ್ನಂತೂ ದಯವಿಟ್ಟು ಓದಿಯೇ ಸಹಿ ಹಾಕಿ.

—

ಎಲ್ಲರಿಗೂ ನಮಸ್ಕಾರ, ಪ್ರಶ್ನೆ ಕೇಳಿದವನು ನಾನೇ. ಹಳೆಯ ಮೇಲ್‌ಗಳನ್ನೆಲ್ಲ ತೆಗೆದು ನೋಡಿದೆ. ಮೂರರಲ್ಲಿ 'ದಟ್ಸ್ ಫೈನ್' ಇದೆ. ಯುಗಾದಿಗೆ ಮುಂಚಿನ ಒಂದರಲ್ಲಿ 'ಎ ಫೈನ್ ಜಾಬ್' ಅಂತಿದೆ. ಅವತ್ತು ಗೊತ್ತೇ ಆಗಿರಲಿಲ್ಲ. ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳುತ್ತೇನೆ.